ಪಡುವಣ ಗೋಡೆಯ ಮರಕ್ಕೆ ಟೀಯಾ ಚೋನಾ ಕುಡಿಸಿದ ನೀರು

ನಮ್ಮ ಅಂಗಳಕ್ಕಿರುವುದು ಒಂದೇ ನಲ್ಲಿ. ಅದಕ್ಕೆ ಸಿಕ್ಕಿಸಿದ ಹಸಿರು ಪೈಪು ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ನಾನು ಮದುವೆಯಾಗಿ ಬರುವ ತನಕ ಈ ಮನೆಯಲ್ಲಿ ಎದ್ದಿರಲಿಲ್ಲವಂತೆ. ಸಂಜೆ ಬಿಸಿಲು ಬೆಟ್ಟದ ಹಿಂದಕ್ಕೆ ಜಾರಿದ ಕೂಡಲೇ ಟೀಯಾ ಚೋನಾ ಊಟದ ತಟ್ಟೆ ತೊಳೆದಿಟ್ಟು, ತೀರಿಹೋದ ಗಂಡನ ಬೂಟುಗಳಲ್ಲಿ ಕಾಲು ತೂರಿಸಿ, ಹೊರಗೆ ಬರುತ್ತಾರೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಮೊದಲು ಬರೀ ನೆಲಕ್ಕೆ ಚಿಮುಕಿಸುತ್ತಾರೆ. ಧೂಳು ಅಡಗಬೇಕು, ಮಣ್ಣಿನ ಕಾವು ಇಳಿಯಬೇಕು. ಆಮೇಲೆ ಹಂದಿಕೊಬ್ಬಿನ ಖಾಲಿ ಡಬ್ಬಿಗಳಲ್ಲಿರುವ ಜೆರೇನಿಯಂ ಹೂಗಿಡಗಳಿಗೆ, ಅಂಜೂರಕ್ಕೆ, ನೀರೇ ಬೇಡದ ಪಾಪಾಸುಕಳ್ಳಿಗೆ, ಕೊನೆಗೆ ನನ್ನ ಮಗಳ ಕೋಣೆಯ ಕಿಟಕಿಯ ಮುಂದಿರುವ ಮೆಸ್ಕೀಟ್ ಮರಕ್ಕೆ. ಎಲ್ಲಕ್ಕೂ ಒಂದೊಂದು ಗುಟುಕು. ಯಾವುದಕ್ಕೂ ಹೊಟ್ಟೆ ತುಂಬ ಇಲ್ಲ, ಯಾವುದಕ್ಕೂ ಉಪವಾಸವೂ ಇಲ್ಲ.

ನೋಡುವವರಿಗೆ ಇದು ಬಹಳ ಚೆಂದದ ದೃಶ್ಯ. ಎರಡು ಬೇಸಿಗೆ ನನ್ನ ನಿದ್ದೆ ಕೆಡಿಸಿದ್ದೂ ಇದೇ ದೃಶ್ಯ.

ಎಂಕಾರ್ನಾಸಿಯೋನ್ ಉರ್ಕೀದೆಸ್ ಎಂಬುದು ಅವರ ಪೂರ್ತಿ ಹೆಸರು. ನನ್ನ ಗಂಡ ಫೆರ್ಮಿನ್‌ಗೆ ಸೋದರತ್ತೆ; ಟೀಯಾ ಎಂದರೆ ಅತ್ತೆ. ಅವನ ಅಮ್ಮ ಬೇರೆ ಊರಿಗೆ ದುಡಿಯಲು ಹೋದಾಗ ಅವನನ್ನು ಸಾಕಿದವರು ಇವರೇ. ಬೀದಿಗೆ ಮುಖ ಮಾಡಿರುವ ಹಸಿ ಇಟ್ಟಿಗೆಯ ಹಳೆಯ ಮನೆ ಅವರದು. ಹಿಂದೆ ಸಿಮೆಂಟ್ ಇಟ್ಟಿಗೆಯಲ್ಲಿ ಅವರ ಗಂಡ ನಾಚೋ ಕಟ್ಟಿಸಿದ ಎರಡು ಕೋಣೆಗಳಲ್ಲಿ ನಾವಿದ್ದೇವೆ. ನಾನು ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋದಾಗ ಮಗಳು ಇನೆಸ್ ಅವರ ಮಡಿಲಲ್ಲಿರುತ್ತಾಳೆ. ಹಾಗಾಗಿ ಟೀಯಾ ಜೊತೆ ನಾನು ಜಗಳ ಆಡಿದರೆ ಅರ್ಧ ಜಗಳವಷ್ಟೇ ಆಡಲು ಸಾಧ್ಯ. ಉಳಿದರ್ಧವನ್ನು ಪಾತ್ರೆ ತೊಳೆಯುತ್ತಾ ಸಿಂಕಿನ ಜೊತೆ ಆಡಿಕೊಳ್ಳುತ್ತೇನೆ.

ಸಿಮೆಂಟ್ ಇಟ್ಟಿಗೆಯ ಗೋಡೆ ನಮ್ಮ ಮರುಭೂಮಿಯ ಊರು ಟೂಸಾನ್‌ನ ಬೇಸಿಗೆಯಲ್ಲಿ ಏನು ಮಾಡುತ್ತದೆ ಎಂಬುದು ಅದರೊಳಗೆ ಮಗು ಮಲಗಿಸಿದವರಿಗೆ ಗೊತ್ತು. ಮಧ್ಯಾಹ್ನದಿಂದ ಮುಳುಗುವ ತನಕ ಪಡುವಣ ಬಿಸಿಲನ್ನು ಹೀರಿಕೊಂಡು, ಮಗು ಮಲಗುವ ಹೊತ್ತಿಗೆ ಸರಿಯಾಗಿ ಅಷ್ಟನ್ನೂ ಒಳಗೆ ಉಗುಳುತ್ತದೆ. ಚಾವಣಿಯ ಮೇಲಿನ ನೀರಿನ ಕೂಲರ್ ಒಣ ಹವೆ ಇರುವ ತನಕ ಪರವಾಗಿಲ್ಲ. ಮಳೆಗಾಲದ ಮೋಡ ಬಂದು ಗಾಳಿಯಲ್ಲಿ ತೇವ ಸೇರಿದ ಮೇಲೆ ಅದು ಬರೀ ಸದ್ದು. ಮೊದಲ ಬೇಸಿಗೆಯಲ್ಲಿ ಇನೆಸ್‌ಗೆ ಕತ್ತಿನ ಸುತ್ತ, ತೋಳಿನ ಮಡಿಕೆಯಲ್ಲಿ ಬೆವರುಸಾಲೆ ಎದ್ದಿತ್ತು. ಒಂದು ಮಧ್ಯಾಹ್ನ ಮೈ ಕೆಂಡವಾಗಿ ಆಸ್ಪತ್ರೆಗೆ ಓಡಿದ್ದೆವು. ಡಾಕ್ಟರಮ್ಮ ನಯವಾಗಿಯೇ ಹೇಳಿದರು: "ಔಷಧಿ ಬೇಡ. ಆ ಕೋಣೆ ತಣ್ಣಗಿಡಿ, ಸಾಕು."

ಆ ಕೋಣೆಯನ್ನು ತಣ್ಣಗಿಡಲು ನಮ್ಮ ಬಳಿಯಿದ್ದ ಉಪಾಯ ಒಂದೇ, ಮರ. ನಾನು ಬಸುರಿಯಾಗಿದ್ದ ವರ್ಷವೇ ನೆಟ್ಟಿದ್ದೆವು. ಜಾಲಿಯ ಕುಲದ್ದು, ಬೇಗ ಬೆಳೆಯುತ್ತದೆ, ಎಲೆ ಸಣ್ಣದು, ಬಾಯಾರಿಕೆ ಕಡಿಮೆ. ಗುಂಡಿ ತೋಡುವಾಗ ಮೊಣಕಾಲಿನ ಆಳಕ್ಕೆ ಬಿಳಿ ಸುಣ್ಣಗಲ್ಲಿನ ಪದರ ಸಿಕ್ಕಿತು. ಫೆರ್ಮಿನ್ ಗುಂಡಿಗೆ ನೀರು ತುಂಬಿ ನೋಡಿದ. ಮರುದಿನ ಬೆಳಿಗ್ಗೆಯೂ ಅದು ಹಾಗೇ ನಿಂತಿತ್ತು. ಹಾರೆ ಹಿಡಿದು ಆ ಪದರವನ್ನು ಒಡೆದು ತಳಕ್ಕೊಂದು ದಾರಿ ಮಾಡಿದ ಮೇಲೆಯೇ ಸಸಿ ಇಟ್ಟದ್ದು. ಬುಡದಿಂದ ದೂರ, ಕೊಂಬೆಗಳು ಮುಂದೆ ಎಲ್ಲಿಯ ತನಕ ಹರಡಬಹುದೋ ಅಲ್ಲಿಗೆ ಹನಿ ನೀರಿನ ಪೈಪು ಸುತ್ತು ಹಾಕಿದ. ಅಪರೂಪಕ್ಕೊಮ್ಮೆ ನೀರು ಬಿಡುವುದು, ಬಿಟ್ಟಾಗ ಅರ್ಧ ದಿನ ಬಿಡುವುದು. ನೀರು ಆಳಕ್ಕಿಳಿದರೆ ಬೇರೂ ಅದರ ಬೆನ್ನು ಹತ್ತಿ ಇಳಿಯುತ್ತದೆ. ಇಷ್ಟೇ ನಿಯಮ. ನಮ್ಮ ಬೀದಿಯಲ್ಲಿ ಇದು ಗೊತ್ತಿಲ್ಲದವರಿಲ್ಲ. ಟೀಯಾ ಚೋನಾಗೂ ಗೊತ್ತು. ಗೊತ್ತಿದ್ದೂ ಅವರಿಗೆ ಅದು ಒಪ್ಪಿಗೆಯಿಲ್ಲ.

"ಹಸಿದ ಮಗೂಗೆ ಹದಿನೈದು ದಿನಕ್ಕೊಂದ್ಸಲ ಊಟ ಹಾಕ್ತೀಯಾ ನೀನು?" ಎಂದು ಮೊದಲ ಸಂಜೆಯೇ ಕೇಳಿದ್ದರು.

"ಅದು ಮಗು ಅಲ್ಲ ಟೀಯಾ, ಮರ."

"ನಿನ್ನ ಮಗೂಗೋಸ್ಕರ ತಾನೇ ನೆಟ್ಟಿದ್ದು? ಹಂಗಾದ್ರೆ ಅದೂ ಮಗೂನೇ. ಸರಿ ಆಕಡೆ."

ನಾನು ಸರಿದೆ. ಹೊಟ್ಟೆ ಮುಂದಿತ್ತು, ಕಾಲು ಊದಿತ್ತು, ವಾದಿಸುವ ತ್ರಾಣ ಇರಲಿಲ್ಲ. ಅವರು ಬುಡಕ್ಕೇ ಪೈಪು ಹಿಡಿದು, ಮಣ್ಣಿನ ಮೇಲ್ಪದರ ಹೊಳೆಯುವಷ್ಟು ನೀರು ಬಿಟ್ಟು, ಎಲೆಗಳನ್ನೂ ಒಮ್ಮೆ ತೊಳೆದು, "ಹೂಂ, ಈಗ ಮಲಕ್ಕೋ" ಎಂದರು. ನನಗಲ್ಲ, ಮರಕ್ಕೆ.

ಅವರ ಬಗ್ಗೆ ಕೋಪ ಬಂದಾಗಲೆಲ್ಲ ಅವರ ಅಮ್ಮನ ಅಂಗಳದ ಕತೆಯನ್ನು ನೆನಪು ಮಾಡಿಕೊಳ್ಳುತ್ತೇನೆ. ಒಣ ನದಿಯ ದಂಡೆಯ ಬೀದಿಯಲ್ಲಿ, ಈಗ ಇಲ್ಲದ ಬೀದಿ ಅದು, ಐದಾರು ಮನೆಗಳಿಗೆ ಸೇರಿ ಒಂದು ನಲ್ಲಿ. ಚೋನಾ ಚಿಕ್ಕವರಿದ್ದಾಗ ಬಕೆಟ್ಟಿನಲ್ಲಿ ನೀರು ತರುವುದು ಅವರ ಪಾಲಿನ ಕೆಲಸ. ಅಮ್ಮ ಕಾಫಿ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಅದರಲ್ಲಿ ಅಂಗಳಕ್ಕೆ ನೀರು ಚಿಮುಕಿಸಿ, ಗಟ್ಟಿ ಪೊರಕೆಯಲ್ಲಿ ಗುಡಿಸುತ್ತಿದ್ದಳು. ದಿನಾ ಚಿಮುಕಿಸಿ ದಿನಾ ಗುಡಿಸಿದರೆ ನೆಲ ಸಿಮೆಂಟಿನಂತೆ ಗಟ್ಟಿಯಾಗುತ್ತದೆ, ಧೂಳೇಳುವುದಿಲ್ಲ. ಹುಲ್ಲಿನ ಒಂದು ಎಸಳು ಕಂಡರೂ ಅದು ಸೋಮಾರಿ ಹೆಂಗಸಿನ ಮನೆ.

"ಪಾತ್ರೆ ತೊಳೆದ ನೀರು ಹೂವಿಗೆ, ಬಟ್ಟೆ ಒಗೆದ ನೀರು ಅಂಜೂರಕ್ಕೆ. ನಮ್ಮನೇಲಿ ನೀರು ಒಂದ್ಸಲ ಬಂದ್ರೆ ಮೂರು ಕೆಲ್ಸ ಮಾಡದೆ ಹೋಗ್ತಿರ್ಲಿಲ್ಲ," ಎಂದು ಒಮ್ಮೆ ಹೇಳಿದ್ದರು. ಅಂಥ ಮನೆಯಿಂದ ಬಂದವರಿಗೆ, ತಿರುಗಿಸಿದರೆ ಸುರಿಯುವ ಸ್ವಂತ ನಲ್ಲಿ ಎಂದರೆ ಏನಿರಬಹುದು ಎಂದು ನನಗೂ ಅರ್ಥವಾಗುತ್ತದೆ. ಅರ್ಥವಾಗುವುದು ಬೇರೆ, ಮಗುವಿನ ಕೋಣೆ ಕಾಯುವುದು ಬೇರೆ.

ಟೀಯಾ ಹದಿನೇಳಕ್ಕೆ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿದರು. ಆವಿಯಲ್ಲಿ ನಿಂತು ಇಸ್ತ್ರಿ ಹಾಕಿ ಕೂದಲು ನೆರೆಸಿಕೊಂಡರು. ಕಿಟಕಿಯಾಚೆ ಹೋಟೆಲಿನ ಹುಲ್ಲುಹಾಸು, ಅದರ ಮೇಲೆ ತಿರುಗುತ್ತಿದ್ದ ನೀರಿನ ಚಿಲುಮೆ. ನಾಚೋ ಮದುವೆಯಾದ ಮೇಲೆ ಕೇಳಿದನಂತೆ, ನಿನಗೇನು ಬೇಕು ಎಂದು. "ಹುಲ್ಲು" ಎಂದರಂತೆ. ಅವನು ಗುಡಿಸಿ ಗುಡಿಸಿ ಕಲ್ಲಾಗಿದ್ದ ಅಂಗಳ ಅಗೆದು ಹುಲ್ಲು ಹಾಕಿದ. ಅಮ್ಮ ನೋಡಲು ಬಂದವಳು ಬಾಗಿಲಲ್ಲೇ ನಿಂತು, "ಇದನ್ನ ಹ್ಯಾಗೆ ಗುಡಿಸ್ತೀಯೇ?" ಎಂದು ಕೇಳಿದ್ದಳಂತೆ. ಆ ಹುಲ್ಲು ಕುಡಿದಷ್ಟು ನೀರನ್ನು ಆ ಮನೆಯ ಮನುಷ್ಯರೂ ಕುಡಿಯಲಿಲ್ಲ. ನಾಚೋ ಹೋದ ಮೇಲೆ ಅದು ತೇಪೆ ತೇಪೆಯಾಗಿ ಸತ್ತಿತು. ಉಳಿದದ್ದನ್ನು ಫೆರ್ಮಿನ್ ಕಿತ್ತು ಹಾಕಿದಾಗ ಟೀಯಾ ಅವನ ಜೊತೆ ಮಾತು ಬಿಟ್ಟಿದ್ದರು. ಊಟ ಮಾತ್ರ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರಂತೆ, ಮುಚ್ಚಿದ ತಟ್ಟೆಯಲ್ಲಿ.

ಪಕ್ಕದ ಮನೆಯ ಹಿರಿಯ ಡಾನ್ ಕೂಕೋ ಅಂಗಳಕ್ಕೆಲ್ಲ ಪ್ಲಾಸ್ಟಿಕ್ ಹಾಸಿ ಅದರ ಮೇಲೆ ಜಲ್ಲಿ ಸುರಿದು, "ಮುಗೀತು, ಇನ್ನು ನೀರೂ ಬೇಡ, ಪೊರಕೇನೂ ಬೇಡ" ಎಂದು ಕೈ ಕೊಡವಿಕೊಂಡವರು. ಟೀಯಾಗೂ ಅದನ್ನೇ ಮಾಡಿಸಿಕೊಳ್ಳಲು ಹೇಳಿದ್ದರು.

"ಕಾವಲಿ ಮೇಲೆ ಮನೆ ಕಟ್ಕೊಂಡು ಕೂತಿದೀಯಲ್ಲ ಕೂಕೋ," ಎಂದರು ಟೀಯಾ. "ಟೋರ್ಟಿಯಾ ತಟ್ಟಿ ನಿನ್ನ ಅಂಗಳಕ್ಕೆ ಎಸೀಲಾ? ತಿರುವಿ ಹಾಕೋಕೆ ಮಾತ್ರ ನೀನೇ ಬರ್ಬೇಕು."

ಅದರಲ್ಲಿ ಅವರು ಹೇಳಿದ್ದು ನಿಜವೇ. ಜಲ್ಲಿಯ ಮೇಲಿಂದ ಬೀಸುವ ಗಾಳಿ ನಮ್ಮ ಬಾಗಿಲಿಗೂ ಬಿಸಿ ತರುತ್ತದೆ. ಟೀಯಾ ಎಲ್ಲದರಲ್ಲೂ ತಪ್ಪಾಗಿದ್ದರೆ ನನಗೆ ಇಷ್ಟು ಕಷ್ಟವಿರುತ್ತಿರಲಿಲ್ಲ.

ಮರ ಬೆಳೆಯಿತು. ಯದ್ವಾತದ್ವಾ ಬೆಳೆಯಿತು. ಎರಡನೆಯ ವಸಂತಕ್ಕೆ ಚಾವಣಿ ದಾಟಿ, ತಲೆ ತುಂಬ ಎಲೆ ಹೊತ್ತು, ಗರಿ ಕೆದರಿದ ಕೋಳಿಯಂತೆ ನಿಂತಿತು. ಕಿಟಕಿಯ ಅರ್ಧದಷ್ಟು ನೆರಳಾಯಿತು. ಬೀದಿಯವರೆಲ್ಲ ಬಂದು ನೋಡಿ ಟೀಯಾರನ್ನು ಹೊಗಳಿದರು. ಟೀಯಾ ನನ್ನ ಕಡೆ ನೋಡಿ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರು.

ಮೇ ತಿಂಗಳ ಒಂದು ಬೆಳಿಗ್ಗೆ ನಾನು ಇನೆಸ್‌ಳ ಒದ್ದೆ ಬಟ್ಟೆ ಒಣಹಾಕುತ್ತಾ, ಬೀಳದ ಹಾಗೆ ಮರದ ಕಾಂಡಕ್ಕೆ ಒರಗಿದೆ. ಕಾಂಡ ಅಲುಗಿತು. ಕೈಯಿಂದ ತಳ್ಳಿ ನೋಡಿದೆ. ಬುಡದ ಆಚೆ ಬದಿಯ ಮಣ್ಣು ಪಾತ್ರೆಯ ಮುಚ್ಚಳದಂತೆ ಮೇಲೆದ್ದು, ಬಿಟ್ಟಾಗ ಮತ್ತೆ ಕೂತಿತು. ಕೆಲಸಕ್ಕೆ ಹೊರಟಿದ್ದ ಫೆರ್ಮಿನ್‌ನನ್ನು ಕೂಗಿ ಕರೆದು ತೋರಿಸಿದೆ.

ಅವನು ಶಾಲಾ ಬಸ್ಸುಗಳ ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ಯಾವ ನಟ್ಟು ಸಡಿಲ ಎಂದು ಕಿವಿಯಲ್ಲೇ ಗುರುತಿಸುತ್ತಾನೆ. ಮರವನ್ನು ಎರಡು ಸಲ ತಳ್ಳಿ ತಲೆ ಕೆರೆದುಕೊಂಡ.

"ಬೇರು ಕೆಳಗಿಳಿದೇ ಇಲ್ಲ," ಎಂದ. "ಯಾಕಿಳೀಬೇಕು? ದಿನಾ ಬಾಯಿಗೇ ಬರ್ತಿದೆ."

"ಮಳೆಗಾಲದ ಗಾಳಿ ಬಂದ್ರೆ?"

"ಬೀಳತ್ತೆ."

"ಹಂಗಂತ ಟೀಯಾಗೆ ಹೇಳು."

"ನೀನೇ ಹೇಳು."

"ನಿಮ್ಮತ್ತೆ ಅವ್ರು."

"ಅದಕ್ಕೇ ನಾನು ಹೇಳಲ್ಲ," ಎಂದು ಊಟದ ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟ. ಹುಲ್ಲು ಕಿತ್ತ ಕಾಲದ ಮುಚ್ಚಿದ ತಟ್ಟೆಗಳು ಅವನಿಗಿನ್ನೂ ನೆನಪಿದ್ದವು.

ನಾನೇ ಹೇಳಿದೆ. ತಳ್ಳಿ ತೋರಿಸಿದೆ. ನಲ್ಲಿಯ ಹತ್ತಿರ ನಿಂತು ಟೀಯಾ ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಹೇಳಿದರು: "ಸಾನ್ ಹ್ವಾನ್ ಹಬ್ಬದ ತನಕ ನಾನು ಕೊಡ್ತೀನಿ. ಆಮೇಲೆ ನೀರು ಕೊಡೋದು ಆ ಸಂತನ ಸರದಿ. ಯಾವಾಗ್ಲೂ ಹಂಗೇ ನಡ್ಕೊಂಡು ಬಂದಿದೆ."

ಜೂನ್ ಕೊನೆಯ ವಾರದ ಆ ಹಬ್ಬ ನಮಗೆ ಮಳೆಯ ಬಾಗಿಲು. ಸಂತನ ಮೂರ್ತಿ ಹೊತ್ತು ಒಣ ನದಿಯ ಮರಳಿಗೆ ಮೆರವಣಿಗೆ ಹೋಗುತ್ತೇವೆ, ಒಬ್ಬರ ಮೇಲೊಬ್ಬರು ನೀರೆರಚುತ್ತೇವೆ, ಆವತ್ತಿನಿಂದ ಆಕಾಶ ನೋಡಲು ಶುರು ಮಾಡುತ್ತೇವೆ. ಆವತ್ತು ಟೀಯಾ ಪೈಪು ಸುತ್ತಿ ಗೋಡೆಯ ಗೂಟಕ್ಕೆ ತೂಗು ಹಾಕುತ್ತಾರೆ. ನಾನು ಇದನ್ನು ಗೆಲುವು ಎಂದೇ ಎಣಿಸಿದೆ. ದಿನಾ ಬುಡಕ್ಕೆ ಬೀಳುವ ನೀರು ಒಂದೂವರೆ ತಿಂಗಳು ನಿಂತರೂ ಸಾಕು, ಫೆರ್ಮಿನ್‌ನ ಸುತ್ತು ಪೈಪಿನ ಕಡೆಗೆ ನಾಲ್ಕು ಬೇರಾದರೂ ಚಾಚಿಕೊಳ್ಳಲಿ ಎಂದು ಲೆಕ್ಕ ಹಾಕಿದೆ.

ಹಬ್ಬ ಆಯಿತು. ಪೈಪು ಗೂಟಕ್ಕೇರಿತು. ಮಳೆ ಮಾತ್ರ ಬರಲಿಲ್ಲ.

ಮೋಡ ಪ್ರತಿ ಮಧ್ಯಾಹ್ನ ಬೆಟ್ಟದ ಮೇಲೆ ಗೋಪುರ ಕಟ್ಟಿ, ಗುಡುಗಿ, ಬೇರೆಯವರ ಊರಿಗೆ ಹೋಯಿತು. ಹವೆ ಹಸಿಯಾಯಿತು, ಕೂಲರ್ ಕೈ ಚೆಲ್ಲಿತು. ಟೀಯಾ ಸಂಜೆಯಾದರೆ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅಂಗಳ ನೋಡುತ್ತಾ ಕೂರುತ್ತಿದ್ದರು. ಜೆರೇನಿಯಂ ತಲೆ ಬಾಗಿತು. ಒಂದು ದಿನ ನಾನು ಕೆಲಸದಿಂದ ಬಂದಾಗ ಮರದ ಕೆಳಗೆ ಅಡುಗೆಮನೆಯ ಕುರ್ಚಿ, ಕುರ್ಚಿಯ ಮೇಲೆ ದೇವರ ಗೂಡಿನಿಂದ ತಂದ ಸಾನ್ ಹ್ವಾನ್ ಮೂರ್ತಿ. ಬಿಸಿಲಿಗೆ ಮುಖ ಮಾಡಿ ಕೂರಿಸಿದ್ದರು.

"ಅವ್ನಿಗೂ ಗೊತ್ತಾಗ್ಲಿ," ಎಂದರು ಟೀಯಾ. "ಒಳಗೆ ತಣ್ಣಗೆ ಕೂತ್ರೆ ಯಾರಿಗೆ ನೆನಪಾಗತ್ತೆ ನಮ್ದು?"

ಬೇಲಿಯಾಚೆಯಿಂದ ಡಾನ್ ಕೂಕೋ ಕೂಗಿದರು: "ಎಂಕಾರ್ನಾ, ಅವ್ರಿಗೆ ಒಂದು ಟೋಪಿನಾದ್ರೂ ಕೊಡೇ. ಬಣ್ಣ ಕರಗಿ ಇಳೀತಾ ಇದೆ."

"ನಿನ್ನ ಬಾಯಿ ಕರಗಿ ಇಳಿದ್ರೆ ಮಳೆ ತಾನಾಗೇ ಬರತ್ತೆ."

ನಕ್ಕೆವು. ಆ ನಗುವಿನಲ್ಲಿ ನಾನು ಎಚ್ಚರ ತಪ್ಪಿದೆ. ಅದಾಗಿ ಕೆಲವು ದಿನಕ್ಕೆ ಜೆರೇನಿಯಂ ಮತ್ತೆ ತಲೆಯೆತ್ತಿದ್ದನ್ನು ನೋಡಿಯೂ ಯಾಕೆ ಎಂದು ಕೇಳಿಕೊಳ್ಳಲಿಲ್ಲ. ಇನೆಸ್ ಮರದ ಬುಡದಲ್ಲಿ ಆಡಿ ಎದ್ದು ಬಂದಾಗ ಅವಳ ಚಡ್ಡಿಯ ಹಿಂಬದಿ ಕೆಸರಾಗಿತ್ತು. ಒಂದು ಹನಿ ಮಳೆ ಬೀಳದ ಊರಿನಲ್ಲಿ ಕೆಸರು. ಅಂಗಿ ಚಡ್ಡಿ ನೆನೆಹಾಕಿ ನೇರ ಟೀಯಾರ ಅಡುಗೆಮನೆಗೆ ಹೋದೆ. ಟೀಯಾ ಅವರೆಯಂಥ ಒಣ ಕಾಳು ಆರಿಸುತ್ತಿದ್ದರು.

"ಟೀಯಾ, ನೀರು ಹಾಕ್ತಿದೀರಾ?"

"ಯಾರು ಹೇಳಿದ್ದು?"

"ಮಗೂ ಚಡ್ಡಿ ಹೇಳ್ತು."

ಅವರು ಕಾಳಿನಿಂದ ಕಲ್ಲೊಂದನ್ನು ತೆಗೆದು ಪಕ್ಕಕ್ಕಿಟ್ಟರು. "ನೀನು ಕೆಲ್ಸಕ್ಕೆ ಹೋದ್ಮೇಲೆ ಒಂದ್ಚೂರು. ಎಲೆ ಮಡಚ್ಕೊಂಡಿತ್ತು ಕಣೇ ನೊಯೆಲಿಯಾ. ನನ್ನ ಕಣ್ಮುಂದೆ ಒಣಗೋದು ನೋಡ್ಕೊಂಡು ಕೂರ್ಲಾ?"

"ಬಿಸಿಲಿಗೆ ಎಲೆ ಮಡಚ್ಕೊಳತ್ತೆ. ಅದು ಒಣಗೋದಲ್ಲ, ತನ್ನನ್ನ ತಾನು ಕಾಪಾಡ್ಕೊಳ್ಳೋದು. ನೀವು ಮಾತು ಕೊಟ್ಟಿದ್ರಿ."

"ನಾನು ಮಾತು ಕೊಟ್ಟಿದ್ದು ಮಳೆ ಬರತ್ತೆ ಅಂತ. ಬಂತಾ? ಅವ್ನು ಮಾತು ತಪ್ಪಿದ್ಮೇಲೆ ನಂದೇನು."

"ಆ ಮರ ಬಿದ್ರೆ ಇನೆಸ್ ಕೋಣೆ ಗತಿ ಏನು, ಹೇಳಿ."

"ಬೀಳಲ್ಲ. ನೋಡು ಹೆಂಗಿದೆ. ಬೀದಿಲಿ ಅಂಥದ್ದಿಲ್ಲ." ಕಾಳಿನ ತಟ್ಟೆ ಕೆಳಗಿಟ್ಟು, ದನಿ ಇಳಿಸಿ ಹೇಳಿದರು: "ದಿನವೆಲ್ಲ ಈ ನಾಲ್ಕು ಗೋಡೆ. ಸಂಜೆ ಪೈಪು ಹಿಡ್ಕೊಂಡಾಗ ಒಂದಿಷ್ಟು ಜನ ಮಾತಾಡ್ಸ್ತಾರೆ, ಒಂದಿಷ್ಟು ಗಾಳಿ. ಅದೂ ಬೇಡ ಅಂದ್ರೆ ಟೀವಿ ಮುಂದೆ ಕೂತಿರ್ಲಾ?"

ಆವತ್ತು ನಾನು ಪೈಪನ್ನು ಬಚ್ಚಿಡುವ ತನಕ ಯೋಚನೆ ಮಾಡಿದೆ. ಆಮೇಲೆ ನಾಳೆ ಬೆಳಿಗ್ಗೆ ಮಗುವನ್ನು ಯಾರ ಕೈಗೆ ಕೊಟ್ಟು ಹೋಗುವುದು ಎಂಬುದೂ ನೆನಪಾಯಿತು. ಫೆರ್ಮಿನ್‌ಗೆ ಹೇಳಿ ಎರಡು ಬದಿಗೆ ಗೂಟ ಹೊಡೆಸಿ, ಅಗಲದ ಪಟ್ಟಿಯಲ್ಲಿ ಮರವನ್ನು ಸಡಿಲವಾಗಿ ಕಟ್ಟಿಸಿದೆ. ಅವನು ಗೂಟ ಹೊಡೆಯುತ್ತಾ, "ಇದು ಸಣ್ಣ ಗಾಳಿಗೆ ಮಾತ್ರ" ಎಂದ. ಗೊತ್ತು ಎಂದೆ.

ಗಾಳಿ ಬಂದದ್ದು ಆಗಸ್ಟಿನಲ್ಲಿ, ನನಗೆ ರಜೆಯಿದ್ದ ಒಂದು ಮಧ್ಯಾಹ್ನ. ಇನೆಸ್ ಆಗಷ್ಟೇ ಮಲಗಿದ್ದಳು. ಮರದ ನೆರಳು ಆ ಹೊತ್ತಿಗೆ ಕಿಟಕಿಯ ಮುಕ್ಕಾಲು ಭಾಗ ಮುಚ್ಚುತ್ತಿತ್ತು. ಈ ಬೇಸಿಗೆ ಅವಳಿಗೆ ಒಂದು ಬೆವರುಸಾಲೆಯೂ ಎದ್ದಿರಲಿಲ್ಲ. ಅವಳ ಕತ್ತಿಗೆ ಕೈಯಿಟ್ಟು ನೋಡಿ, ಒಣಗಿದೆ ಎಂದು ಸಮಾಧಾನ ಮಾಡಿಕೊಂಡು ಎದ್ದೆ. ಅಷ್ಟರಲ್ಲಿ ಆಗ್ನೇಯದ ಆಕಾಶ ಕಂದುಬಣ್ಣಕ್ಕೆ ತಿರುಗಿತು. ಧೂಳಿನ ಗೋಡೆಯೊಂದು ಬೀದಿಯ ಕೊನೆಯಲ್ಲಿ ನಿಂತಂತೆ ಕಂಡು, ನಿಂತಿಲ್ಲ ಬರುತ್ತಿದೆ ಎಂದು ತಿಳಿಯುವುದರೊಳಗೆ ಬಂದೇಬಿಟ್ಟಿತು. ಡಾನ್ ಕೂಕೋರ ಕಸದ ಡಬ್ಬಿ ನಮ್ಮ ಬೇಲಿಗೆ ಬಡಿಯಿತು. ನಾನು ಮಗುವನ್ನು ಬಾಚಿ ಎತ್ತಿಕೊಂಡು ಕೋಣೆಯಿಂದ ಹೊರಬಂದೆ.

ಹಿತ್ತಿಲ ಬಾಗಿಲ ಗಾಜಿನಲ್ಲಿ ನೋಡಿದರೆ ಟೀಯಾ ಅಂಗಳದಲ್ಲಿದ್ದರು.

ಏಪ್ರನ್ ತಲೆಗೇರಿತ್ತು. ನಾಚೋನ ಬೂಟು ಹಾಕಿಕೊಂಡು, ಮರದ ಕಾಂಡವನ್ನು ಎರಡೂ ತೋಳಲ್ಲಿ ತಬ್ಬಿ, ಕೆನ್ನೆಯನ್ನು ತೊಗಟೆಗೆ ಒತ್ತಿ ನಿಂತಿದ್ದರು. ಎಪ್ಪತ್ತು ದಾಟಿದ, ನನ್ನ ಭುಜಕ್ಕೆ ಬರುವ ಹೆಂಗಸು. ಮೇಲೆ ಮರದ ಅಷ್ಟು ದೊಡ್ಡ ತಲೆ, ಒದ್ದೆ ಹಾಯಿಯಂತೆ ಗಾಳಿ ತುಂಬಿಕೊಂಡು ಎಳೆಯುತ್ತಿತ್ತು.

"ಟೀಯಾ, ಬಿಡಿ. ಬಿಟ್ಟು ಒಳಗೆ ಬನ್ನಿ," ಎಂದು ಬಾಗಿಲು ತೆರೆದು ಕೂಗಿದೆ. ಬಾಯಿಗೆ ಮಣ್ಣು ಬಂತು.

"ನೀನು ಬಾ, ಆಕಡೆಯಿಂದ ಹಿಡ್ಕೋ."

"ಮಗು ಇದೆ ಕೈಯಲ್ಲಿ."

"ಹಂಗಾದ್ರೆ ಒಳಗೆ ಹೋಗು, ಮಗೂ ಕಣ್ಣಿಗೆ ಧೂಳು."

ಒಂದು ಪಟ್ಟಿ ಹರಿಯಿತು. ನಾನು ಇನೆಸ್‌ಳನ್ನು ನೆಲದ ಮೇಲೆ ಕೂರಿಸಿ, ಬಾಗಿಲೆಳೆದು, ಓಡಿಹೋಗಿ ಟೀಯಾರ ಸೊಂಟ ಹಿಡಿದು ಎಳೆದೆ. ಅವರು ಮರ ಬಿಡಲಿಲ್ಲ, ನಾನು ಅವರನ್ನು ಬಿಡಲಿಲ್ಲ. ಮರ ಸಿಟ್ಟಿನಿಂದ ಬೀಳಲಿಲ್ಲ, ಮುರಿದ ಸದ್ದೂ ಬರಲಿಲ್ಲ. ಕೆಳಗೆ ಮೆತ್ತಗಿದ್ದ ಮಣ್ಣು ಒಮ್ಮೆ ಉಸಿರೆಳೆದಂತೆ ಮೇಲೆದ್ದಿತು, ಅಷ್ಟೆ. ಬೂಟಿನ ಕೆಳಗಿನ ನೆಲವೇ ಎದ್ದಾಗ ಟೀಯಾರ ಕೈ ತಾನಾಗಿ ಸಡಿಲವಾಯಿತು. ಇಬ್ಬರೂ ಹಿಂದಕ್ಕೆ ಕೂತುಬಿಟ್ಟೆವು. ಮರ ನಿಧಾನವಾಗಿ, ಮನೆಗೆ ಬೆನ್ನು ಹಾಕಿ, ಬೇಲಿಯ ಮೇಲೆ ಮಲಗಿತು.

ಆಮೇಲೆ ಮಳೆ ಬಂತು. ನೆಲದ ಮೇಲೆ ಚುಕ್ಕೆ ಇಡುವಷ್ಟು ಬಂದು ನಿಂತಿತು.

ಬೇರಿನ ಗಂಟು ದೊಡ್ಡ ಹಂಡೆಯ ಬಾಯಷ್ಟು ಅಗಲವಿತ್ತು, ಅದಕ್ಕಿಂತ ಹೆಚ್ಚಿಲ್ಲ. ದಿನಾ ನೀರು ಬೀಳುತ್ತಿದ್ದ ಜಾಗದಲ್ಲೇ ಬೇರುಗಳು ಒಂದರ ಮೇಲೊಂದು ಸುತ್ತಿಕೊಂಡಿದ್ದವು, ಎಲ್ಲೂ ಹೋಗದೆ. ಫೆರ್ಮಿನ್ ಹಾರೆಯಿಂದ ಅಷ್ಟು ಕಷ್ಟಪಟ್ಟು ಒಡೆದ ತಳದ ದಾರಿಗೆ ಒಂದು ಬೇರೂ ಇಳಿದಿರಲಿಲ್ಲ. ಟೀಯಾ ಕೂತಲ್ಲಿಂದಲೇ ಅದನ್ನು ನೋಡಿದರು. ನಾನು ತಿಂಗಳುಗಟ್ಟಲೆ ಸಿಂಕಿನ ಮುಂದೆ ಅಭ್ಯಾಸ ಮಾಡಿದ್ದ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಒಳಗೆ ಇನೆಸ್ ಬಾಗಿಲಿಗೆ ಅಂಗೈ ಬಡಿದು ಅಳುತ್ತಿದ್ದಳು. ಎದ್ದು ಅವಳ ಹತ್ತಿರ ಹೋದೆ.

ಡಾನ್ ಕೂಕೋ ಕಸದ ಡಬ್ಬಿ ಹುಡುಕಿಕೊಂಡು ಬಂದವರು ಬೇಲಿಯ ಮೇಲಿನ ಮರ ನೋಡಿ ಟೋಪಿ ತೆಗೆದರು. "ಏನೇ ಎಂಕಾರ್ನಾ, ಉಂಡು ಉಂಡು ನಿದ್ದೆ ಬಂದ್ಬಿಡ್ತಾ ಇದಕ್ಕೆ?"

ಟೀಯಾ ತಿರುಗಿ ಉತ್ತರ ಕೊಡಲಿಲ್ಲ. ಡಾನ್ ಕೂಕೋ ಗಾಬರಿಯಾದರು. "ತಡಿ, ಟ್ರಕ್ ತರ್ತೀನಿ," ಎಂದು ಹೋದರು.

ಫೆರ್ಮಿನ್ ಬಂದ ಮೇಲೆ ಇಬ್ಬರೂ ಸೇರಿ ಒದ್ದೆ ಗೋಣಿಯಿಂದ ಬೇರು ಮುಚ್ಚಿಟ್ಟು, ತಲೆಯ ಅರ್ಧ ಭಾರ ಗರಗಸದಿಂದ ಇಳಿಸಿ, ಟ್ರಕ್ಕಿಗೆ ಪಟ್ಟಿ ಕಟ್ಟಿ ಇಂಚಿಂಚಾಗಿ ಎಬ್ಬಿಸಿದರು. ಮೂರು ಕಡೆಗೆ ಕಟ್ಟಿದರು. ನಿಂತಿತು. ಬದುಕುತ್ತದೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಕಡಿದ ಕೊಂಬೆಗಳ ರಾಶಿಯಲ್ಲಿ ನಮ್ಮ ಈ ವರ್ಷದ ನೆರಳೆಲ್ಲ ಬಿದ್ದಿತ್ತು. ಮರುದಿನ ಮಧ್ಯಾಹ್ನ ಇನೆಸ್‌ಳ ಕೋಣೆಯ ಗೋಡೆ ಮುಟ್ಟಿ ನೋಡಿ ಕೈ ಹಿಂದೆಗೆದೆ. ನಾನು ಹೇಳಿದ್ದೇ ಆಯಿತು. ಅದರಿಂದ ಗೋಡೆ ತಣ್ಣಗಾಗುವುದಿಲ್ಲ.

"ಗಾಳಿ ಜಾಸ್ತಿ ಇತ್ತು ಈ ಸಲ," ಎಂದರು ಟೀಯಾ ಆವತ್ತು ಊಟದ ಹೊತ್ತಿಗೆ. ಫೆರ್ಮಿನ್ ನನ್ನ ಕಾಲನ್ನು ಮೇಜಿನ ಕೆಳಗೆ ಮೆಲ್ಲಗೆ ತುಳಿದ. ನಾನು ಟೋರ್ಟಿಯಾ ಹರಿದು ಬಾಯಿಗಿಟ್ಟುಕೊಂಡೆ. ಅವರೇ ಮತ್ತೆ, ತಟ್ಟೆ ನೋಡುತ್ತಾ ಹೇಳಿದರು: "ಮಗೂ ತೊಟ್ಟಿಲನ್ನ ನನ್ನ ಕೋಣೆಗೆ ತಂದ್ಬಿಡು. ಆ ಗೋಡೆ ದಪ್ಪ. ನಾನು ನಡುಮನೇಲಿ ಮಲಗ್ತೀನಿ."

"ನಿಮ್ಮ ಸೊಂಟ ನೋವು?"

"ಸೊಂಟ ನಂದು."

ತೊಟ್ಟಿಲು ಹೋಯಿತು. ಇನೆಸ್ ಅಲ್ಲಿ ತಣ್ಣಗೆ ಮಲಗುತ್ತಾಳೆ. ನಾನು ರಾತ್ರಿ ಎರಡು ಸಲ ಅಂಗಳ ದಾಟಿ ಹೋಗಿ ನೋಡಿ ಬರುತ್ತೇನೆ. ನಡುಮನೆಯ ಸೋಫಾದಲ್ಲಿ ಟೀಯಾ ಎಚ್ಚರವಾಗಿಯೇ ಇರುತ್ತಾರೆ, "ಮಲಗಿದಾಳೆ, ಹೋಗು" ಎನ್ನುತ್ತಾರೆ. ಇನ್ನೊಂದು ನೆರಳು ಬೆಳೆಯಲು ಎರಡು ಮೂರು ಬೇಸಿಗೆ ಬೇಕು. ಅಷ್ಟರಲ್ಲಿ ಇನೆಸ್ ತೊಟ್ಟಿಲಲ್ಲಿ ಹಿಡಿಸುವುದಿಲ್ಲ. ಟೀಯಾರ ಸೊಂಟ ಅಷ್ಟು ದಿನ ಸೋಫಾ ತಡೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಇದನ್ನೆಲ್ಲ ಯಾರ ಮೇಲೆ ಹಾಕಿ ಸಿಟ್ಟಾಗಲಿ ಎಂದೂ ಗೊತ್ತಿಲ್ಲ.

ಮರ ಬಿದ್ದ ಮೇಲೆ ಅವರು ಪೈಪು ಮುಟ್ಟಲಿಲ್ಲ. ಸಂಜೆ ಹೊಸ್ತಿಲ ಕುರ್ಚಿ, ತೊಡೆಯ ಮೇಲೆ ಕೈ. ಡಾನ್ ಕೂಕೋ ಎರಡು ಸಲ ಕೀಟಲೆ ಮಾಡಿದರೂ ಬರೀ "ಹೂಂ" ಬಂತು. ಜೆರೇನಿಯಂ ಒಂದು ಸತ್ತೇಹೋಯಿತು. ಆ ಕೈಗಳನ್ನು ಹಾಗೆ ನೋಡುವುದು ನನಗೆ ಒದ್ದೆ ಬುಡ ನೋಡುವುದಕ್ಕಿಂತ ಕಷ್ಟವಾಯಿತು. ಭಾನುವಾರ ಬೆಳಿಗ್ಗೆಯೇ ಗುದ್ದಲಿ ತೆಗೆದುಕೊಂಡು ಮರದಿಂದ ನಾಲ್ಕು ಮೊಳ ದೂರದಲ್ಲಿ ಸುತ್ತಲೂ ಒಂದು ಕಾಲುವೆ ತೋಡಿದೆ. ನೀರು ನಿಲ್ಲುವಷ್ಟು ಆಳ, ಮೇಲೆ ಕಡಿದ ಕೊಂಬೆಯದೇ ಚಕ್ಕೆ ಹಾಸಿದೆ. ಬೆವರೊರೆಸಿಕೊಂಡು ಪೈಪು ತಂದು ಅವರ ಕೈಗಿಟ್ಟೆ.

"ಇಲ್ಲಿ ನಿಂತ್ಕೊಂಡು ಹಾಕಿ. ವಾರಕ್ಕೊಂದು ದಿನ, ಕಾಲುವೆ ತುಂಬೋ ತನಕ. ಬೇರೆ ದಿನ ಡಬ್ಬಿ ಗಿಡಕ್ಕೆ, ನೆಲಕ್ಕೆ, ಬೇಕಾದ್ರೆ ಕೂಕೋ ತಲೆಗೆ. ಬುಡಕ್ಕೆ ಮಾತ್ರ ಬೇಡ."

ಟೀಯಾ ಕಾಲುವೆ ನೋಡಿದರು, ಮರ ನೋಡಿದರು. "ಇಷ್ಟು ದೂರದಲ್ಲಿ ಊಟ ಇಟ್ರೆ ಅದಕ್ಕೆ ಗೊತ್ತಾಗತ್ತಾ?"

"ಹುಡುಕ್ಕೊಂಡು ಬರತ್ತೆ."

"ಕಾಯಿಲೆ ಬಿದ್ದೋರನ್ನ ನಡೆಸ್ತೀಯಲ್ಲ, ಮಗಳೇ," ಎಂದರು. ಆದರೆ ನಲ್ಲಿ ತಿರುಗಿಸಿದರು.

ಈಗ ಸಂಜೆಗಳು ಹೀಗಿವೆ. ಮರದ ಒಂದು ಬದಿಯಲ್ಲಿ ಬೆರಳುದ್ದದ ಹೊಸ ಚಿಗುರು ಕಂಡಿದೆ, ಇನ್ನೊಂದು ಬದಿ ಇನ್ನೂ ಬೋಳು. ಟೀಯಾ ಕಾಲುವೆಯ ಅಂಚಿನಲ್ಲಿ ನಿಂತು ನೀರು ಬಿಡುತ್ತಾರೆ, ಇನೆಸ್ ಪಕ್ಕದಲ್ಲಿ ಕೈಯೊಡ್ಡಿ ನಿಂತಿರುತ್ತಾಳೆ, ಅವಳ ಅಂಗೈಗೂ ಒಂದು ಗುಟುಕು ಬೀಳುತ್ತದೆ. ನಾನು ಅಡುಗೆಮನೆಯ ಕಿಟಕಿಯಲ್ಲಿ ಪಾತ್ರೆ ತೊಳೆಯುತ್ತಾ ಕಣ್ಣಿಟ್ಟಿರುತ್ತೇನೆ. ನಾನು ತಟ್ಟೆ ಇಡಲು ಬಗ್ಗಿದೆ ಎಂದು ಅವರಿಗೆ ಅನಿಸಿದ ಕ್ಷಣ ಹೆಬ್ಬೆರಳು ಪೈಪಿನ ಬಾಯಿಗೆ ಹೋಗುತ್ತದೆ, ನೀರಿನದೊಂದು ಕಮಾನು ಕಾಲುವೆ ದಾಟಿ ಹಾರುತ್ತದೆ.

"ಟೀಯಾ, ಕಾಲುವೆಗೆ," ಎಂದು ಕೂಗುತ್ತೇನೆ.

"ಕಾಲುವೆಗೇ ಹಾಕ್ತಿದೀನಿ," ಎನ್ನುತ್ತಾರೆ, ತಿರುಗಿ ನೋಡದೆ. ಬುಡದ ಮಣ್ಣು ಹೊಳೆಯುತ್ತಿರುತ್ತದೆ.